ಮಾರುತಿ 800ರ ಗೇರ್ ಬಾಕ್ಸ್ ಹೋದರೆ 5 ಗೇರಿನ ಬಾಕ್ಸ್ ಕೂರಿಸುವುದು ಹೇಗೆ?

"ಗೇರ್ ಬಾಕ್ಸ್ ಹೋಯ್ತು, ಆಲ್ಟೋದ್ದು ಹಾಕ್ಸಬಹುದಾ?" ಹಳೆ ಮಾರುತಿ 800 ಇಟ್ಟುಕೊಂಡವರು ಕೇಳುವ ಪ್ರಶ್ನೆಗಳಲ್ಲಿ ಇದೇ ಜಾಸ್ತಿ. ಹಾಕಿಸಬಹುದು. 800ರದ್ದು ಸಾಮಾನ್ಯವಾಗಿ 4 ಗೇರಿನ ಬಾಕ್ಸ್, ಆಲ್ಟೋದ್ದು 5 ಗೇರಿನದು. ಆದರೆ ಬಾಕ್ಸ್ ಒಂದನ್ನೇ ಹೊತ್ತು ತಂದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಬಾಕ್ಸಿಗೆ ತಾಗುವ ಪ್ರತಿಯೊಂದು ಸಾಮಾನೂ ಹೊಂದಬೇಕು. ಗ್ಯಾರೇಜಿನಲ್ಲಿ ವಾರಗಟ್ಟಲೆ ಗಾಡಿ ನಿಂತಿದ್ದರೆ, ಹೆಚ್ಚಾಗಿ ಕಾರಣ ಬಾಕ್ಸ್ ಅಲ್ಲ. ಒಂದು ಬ್ರಾಕೆಟ್ಟೋ ಆಕ್ಸಲ್ಲೋ ಹೊಂದದೆ ಇರುವುದು.

ಇಲ್ಲಿ ಹೇಳಿರುವುದು 1986ರ ನಂತರ ಬಂದ ಆಕಾರದ 800ಕ್ಕೆ ಮಾತ್ರ. 1983ರ ಡಿಸೆಂಬರಿನಲ್ಲಿ ಬಂದ ಮೊದಲ ಆಕಾರದ ಎಸ್‌ಎಸ್80 ಇದ್ದರೆ ಅದನ್ನು ಬದಲಿಸುವ ಗೋಜಿಗೇ ಹೋಗಬೇಡಿ. ಇದ್ದ ಬಾಕ್ಸನ್ನೇ ರಿಪೇರಿ ಮಾಡಿಸಿ. ಆ ಗಾಡಿಯ ಬೆಲೆ ಇರುವುದೇ ಅದು ಮೂಲದಲ್ಲಿ ಹೇಗಿತ್ತೋ ಹಾಗೇ ಇರುವುದರಲ್ಲಿ.

ಹಂತ 1: ಕೆಟ್ಟಿರುವುದು ಬಾಕ್ಸೇನಾ, ನೋಡಿಕೊಳ್ಳಿ

ಬಾಕ್ಸ್ ಇಳಿಸುವ ಮುಂಚೆ ಅರ್ಧ ಗಂಟೆ ಇದಕ್ಕೆ ಕೊಡಿ.

ಇಂಜಿನ್ ಆಫ್ ಇದ್ದಾಗ ಎಲ್ಲ ಗೇರೂ ಸಲೀಸಾಗಿ ಬೀಳುತ್ತವೆ, ಆನ್ ಮಾಡಿದರೆ ಕರಕರ ಅನ್ನುತ್ತದೆ ಅಂದರೆ ಮೊದಲು ಕ್ಲಚ್ ಕೇಬಲ್ ನೋಡಿ. ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಅಷ್ಟೇ.

ನ್ಯೂಟ್ರಲ್‌ನಲ್ಲಿ ಗುಂಯ್ ಅನ್ನುವ ಸದ್ದಿದೆ, ಕ್ಲಚ್ ಒತ್ತಿದರೆ ನಿಲ್ಲುತ್ತದೆ. ಇದು ಬಾಕ್ಸಿನ ಒಳಗಿನ ಇನ್‌ಪುಟ್ ಶಾಫ್ಟ್ ಬೇರಿಂಗ್. ಇನ್‌ಪುಟ್ ಶಾಫ್ಟ್ ಅಂದರೆ ಇಂಜಿನ್ನಿನ ತಿರುಗುವಿಕೆಯನ್ನು ಬಾಕ್ಸಿನೊಳಗೆ ತರುವ ದಂಡ. ಇದರ ಉಲ್ಟಾ, ಅಂದರೆ ಕ್ಲಚ್ ಒತ್ತಿದಾಗ ಮಾತ್ರ ಸದ್ದು ಬಂದರೆ ಅದು ರಿಲೀಸ್ ಬೇರಿಂಗ್, ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಬೇರಿಂಗ್. ಬಾಕ್ಸ್ ಚೆನ್ನಾಗಿಯೇ ಇದೆ.

ಲಿವರ್ ಗಡಗಡ ಅಲ್ಲಾಡುತ್ತದೆ, ಯಾವ ಗೇರ್ ಎಲ್ಲಿದೆ ಅಂತ ಗೊತ್ತಾಗಲ್ಲ ಅಂದರೆ ಲಿಂಕೇಜ್ ಬುಶ್ ಸವೆದಿದೆ. ಲಿಂಕೇಜ್ ಅಂದರೆ ಲಿವರಿನಿಂದ ಬಾಕ್ಸಿಗೆ ಹೋಗುವ ರಾಡ್‌ಗಳು, ಬುಶ್ ಅಂದರೆ ಅವುಗಳ ಕೀಲಿನಲ್ಲಿರುವ ಬಳೆ. 800ಕ್ಕೆ ಇದು ಮಾಮೂಲಿ ಕಾಯಿಲೆ. ಬುಶ್ ಹಾಕಿಸಿದರೆ ಮುಗಿಯಿತು.

ಗೇರ್ ಬೀಳುತ್ತದೆ, ಕ್ಲಚ್ ಬಿಟ್ಟರೂ ಗಾಡಿ ಕದಲುವುದಿಲ್ಲ ಅಂದರೆ ಆಕ್ಸಲ್ ನೋಡಿ. ಒಂದು ಬದಿಯ ಆಕ್ಸಲ್ ಜಾಯಿಂಟ್ ಮುರಿದರೂ ಸಾಕು, ಎಲ್ಲ ಶಕ್ತಿಯೂ ಆ ಕಡೆಯೇ ಸುಮ್ನೆ ಸುತ್ತಿ ಹೋಗುತ್ತದೆ.

ಗೇರ್ ತಾನಾಗಿ ಜಿಗಿದು ನ್ಯೂಟ್ರಲ್‌ಗೆ ಬರುತ್ತಿದ್ದರೆ, ಕ್ಲಚ್ ಸರಿಯಿದ್ದೂ ಎರಡನೇ ಗೇರಿಗೆ ದಿನಾ ಕಚ್ಚಾಡುತ್ತಿದ್ದರೆ, ಆಯಿಲ್‌ನಲ್ಲಿ ಲೋಹದ ಚೂರು ಕಂಡರೆ, ಆಗ ಬಾಕ್ಸ್ ಹೋಗಿದೆ ಅನ್ನಿ.

ಹಂತ 2: ಯಾವ ಗಾಡಿಯ ಬಾಕ್ಸ್ ಹುಡುಕಬೇಕು?

800ಕ್ಕೆ ಕೊನೆಯವರೆಗೂ, ಅಂದರೆ 2014ರ ಜನವರಿಯಲ್ಲಿ ತಯಾರಿಕೆ ನಿಲ್ಲುವ ತನಕ, ಸಾಮಾನ್ಯವಾಗಿ ಬಂದದ್ದು 4 ಗೇರಿನ ಬಾಕ್ಸ್. ಇಂಜಿನ್ ಎಫ್8ಬಿ, 796 ಸಿಸಿ, ಮೂರು ಸಿಲಿಂಡರ್, 6 ವಾಲ್ವ್. ಮಧ್ಯೆ 2000ದ ಆಸುಪಾಸಿನಲ್ಲಿ 12 ವಾಲ್ವಿನ ಎಫ್8ಡಿ ಇಂಜಿನ್ನೂ 5 ಗೇರೂ ಇದ್ದ 800 ಕೆಲವು ವರ್ಷ ಮಾರಾಟವಾಯಿತು. ಅದೇ ಇಂಜಿನ್ ಆಲ್ಟೋದಲ್ಲೂ ಬಂತು.

ಹಾಗಾಗಿ ನನ್ನ ಮೊದಲ ಆಯ್ಕೆ, 5 ಗೇರಿನ 800ರ ಬಾಕ್ಸ್. ಬಾಡಿ ಒಂದೇ, ಆದ್ದರಿಂದ ಆಕ್ಸಲ್, ಲಿಂಕೇಜ್, ಮೌಂಟಿಂಗ್ (ಬಾಕ್ಸನ್ನು ಗಾಡಿಗೆ ಹಿಡಿದಿಡುವ ಬ್ರಾಕೆಟ್ಟು, ಬೋಲ್ಟು) ಎಲ್ಲ ಅದೇ ಗಾಡಿಯಿಂದ ಸಿಗುತ್ತದೆ. ತೊಂದರೆ ಏನಂದರೆ ಈ ಗಾಡಿಗಳು ಕಡಿಮೆ, ಹುಡುಕಬೇಕು.

ಎರಡನೇ ಆಯ್ಕೆ ಹಳೆ ಆಕಾರದ ಆಲ್ಟೋ, 2000ದಿಂದ 2012ರವರೆಗಿನ 796 ಸಿಸಿಯದ್ದು. ಇದು ಸಲೀಸಾಗಿ ಸಿಗುತ್ತದೆ, ಆದರೆ ಆಕ್ಸಲ್ ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಕು. ಅದನ್ನು ನಾಲ್ಕನೇ ಹಂತದಲ್ಲಿ ಹೇಳುತ್ತೇನೆ.

ತಗೊಳ್ಳಬಾರದ್ದು ಇವು:

- ಓಮ್ನಿ ಬಾಕ್ಸ್. ಇಂಜಿನ್ ಅದೇ ಎಫ್8ಬಿ ಇರಬಹುದು. ಆದರೆ ಓಮ್ನಿಯಲ್ಲಿ ಹಿಂದಿನ ಚಕ್ರ ಎಳೆಯುತ್ತದೆ, ಇಂಜಿನ್ ಉದ್ದಕ್ಕೆ ಕೂತಿದೆ. ಬಾಕ್ಸೇ ಬೇರೆ ಜಾತಿ.
- ಆಲ್ಟೋ ಕೆ10 ಮತ್ತು 2012ರ ನಂತರದ ಆಲ್ಟೋ 800. ಇವುಗಳಲ್ಲಿ ಲಿವರಿನಿಂದ ಬಾಕ್ಸಿಗೆ ರಾಡ್ ಬದಲು ಕೇಬಲ್ ಹೋಗುತ್ತದೆ. ಹೆಸರಿನಲ್ಲಿ 800 ಇದೆ ಅಂತ ಮೋಸ ಹೋಗಬೇಡಿ.
- ಝೆನ್, ಎಸ್ಟೀಮ್. ಇಂಜಿನ್ ವಂಶವೇ ಬೇರೆ.

"ಎಲ್ಲಾ ಮಾರುತಿದೂ ಒಂದೇ ಸಾರ್" ಅನ್ನುವ ಅಂಗಡಿಯಿಂದ ಬೇಗ ಹೊರಡಿ.

ಹಂತ 3: ಗುಜರಿಯಲ್ಲಿ ಬಾಕ್ಸ್ ಪರೀಕ್ಷೆ

ಬೆಂಗಳೂರಿನಲ್ಲಿ ಹಳೆ ಸಾಮಾನಿಗೆ ಶಿವಾಜಿನಗರದ ಗುಜರಿ, ಹೊಸ ಸೀಲು ಬೇರಿಂಗಿಗೆ ಜೆಸಿ ರಸ್ತೆ. ಬೇರೆ ಊರಿನವರು ತಮ್ಮ ಮೆಕ್ಯಾನಿಕ್ ಮೂಲಕವೇ ಹೋಗುವುದು ಒಳ್ಳೆಯದು. ಸಾಧ್ಯವಾದರೆ ಬಾಕ್ಸ್ ಇನ್ನೂ ಗಾಡಿಯಲ್ಲೇ ಇರುವಾಗ ನೋಡಿ. ಆಗ ಅದರ ಜೊತೆಗಿನ ಸಾಮಾನೂ ಒಟ್ಟಿಗೆ ಸಿಗುತ್ತದೆ.

ನೆಲದ ಮೇಲಿಟ್ಟ ಬಾಕ್ಸನ್ನು ಹೀಗೆ ನೋಡಿ. ಇನ್‌ಪುಟ್ ಶಾಫ್ಟನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ತೀರಾ ಸ್ವಲ್ಪ ಆಟ ಸಹಜ, ಕಟಕಟ ಅಂದರೆ ಬೇಡ. ಅದರ ಸ್ಪ್ಲೈನ್, ಅಂದರೆ ಉದ್ದಕ್ಕೆ ಕೊರೆದ ಹಲ್ಲುಗಳು, ಚೂಪಾಗಿ ಸವೆದಿರಬಾರದು. ಡ್ರೈನ್ ಬೋಲ್ಟ್ ತೆಗೆಸಿ ಉಳಿದ ಆಯಿಲನ್ನು ಬೆರಳ ಮೇಲೆ ಉಜ್ಜಿ. ನುಣ್ಣನೆಯ ಬೂದು ಬಣ್ಣ ಪರವಾಗಿಲ್ಲ. ಮಿನುಗುವ ಚೂರು ಕಂಡರೆ ಬಾಕ್ಸನ್ನು ಅಲ್ಲೇ ಬಿಡಿ. ಮೌಂಟಿಂಗ್ ಬೋಲ್ಟ್ ಕೂರುವ ಕಿವಿಗಳಲ್ಲಿ ಬಿರುಕು, ವೆಲ್ಡಿಂಗ್ ಗುರುತು ಇದೆಯಾ ಹುಡುಕಿ. ಅಲ್ಯೂಮಿನಿಯಂ ವೆಲ್ಡಿಂಗ್ ಎಷ್ಟು ಚೆನ್ನಾಗಿ ಕಂಡರೂ ನಾನು ನಂಬುವುದಿಲ್ಲ.

ಆಮೇಲೆ ಒಂದೊಂದೇ ಗೇರ್ ಹಾಕಿ ಶಾಫ್ಟ್ ತಿರುಗಿಸಿ. ಎಲ್ಲ ಗೇರಿನಲ್ಲೂ ಹದವಾಗಿ ತಿರುಗಬೇಕು, ಎಲ್ಲೂ ಒಂದೇ ಜಾಗದಲ್ಲಿ ತಡೆಯಬಾರದು.

ಇಲ್ಲೇ ಇನ್ನೊಂದು ಉಪಯೋಗದ ಕೆಲಸ ಮಾಡಬಹುದು. ಬಾಕ್ಸಿನ ಅನುಪಾತ ಅಳೆಯುವುದು. ಅನುಪಾತ ಅಂದರೆ ಚಕ್ರ ಒಂದು ಸುತ್ತು ಬರಲು ಇಂಜಿನ್ ಎಷ್ಟು ಸುತ್ತು ಹಾಕಬೇಕು ಅನ್ನುವ ಲೆಕ್ಕ. ಆಕ್ಸಲ್ ಕೂರುವ ಎರಡು ಕಡೆಯಲ್ಲಿ ಒಂದನ್ನು ಅಲ್ಲಾಡದಂತೆ ಹಿಡಿಯಿರಿ. ಇನ್ನೊಂದರ ಮೇಲೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ. ಅದು ಒಂದು ಸುತ್ತು ಬರುವ ತನಕ ಇನ್‌ಪುಟ್ ಶಾಫ್ಟ್ ಎಷ್ಟು ಸಲ ತಿರುಗಿತು ಎಣಿಸಿ, ಎರಡರಿಂದ ಗುಣಿಸಿ. ಎರಡರಿಂದ ಯಾಕೆ? ಎರಡೂ ಆಕ್ಸಲ್ಲಿಗೆ ಶಕ್ತಿ ಹಂಚುವ ಗೇರ್ ಜೋಡಣೆಗೆ ಡಿಫರೆನ್ಷಿಯಲ್ ಅನ್ನುತ್ತಾರೆ. ಅದರಲ್ಲಿ ಒಂದು ಕಡೆ ತಡೆದರೆ ಇನ್ನೊಂದು ಕಡೆ ಎರಡು ಪಟ್ಟು ತಿರುಗುತ್ತದೆ.

ಇದರಿಂದ ಏನು ಲಾಭ? 145/70 ಆರ್12 ಟೈರಿನ 800, 80 ಕಿ.ಮೀ. ವೇಗದಲ್ಲಿ ಹೋಗುವಾಗ ಚಕ್ರ ನಿಮಿಷಕ್ಕೆ ಸುಮಾರು 835 ಸುತ್ತು ತಿರುಗುತ್ತದೆ. ಮೇಲಿನ ಗೇರಿನ ಒಟ್ಟು ಅನುಪಾತ 4 ಇದ್ದರೆ ಇಂಜಿನ್ ಸುಮಾರು 3,340 ಆರ್‌ಪಿಎಂ. ಅದೇ 3.5 ಇದ್ದರೆ ಸುಮಾರು 2,920. ನಿಮ್ಮ ಹಳೆ ಬಾಕ್ಸಿನ ನಾಲ್ಕನೇ ಗೇರನ್ನೂ ತರುವ ಬಾಕ್ಸಿನ ಐದನೇ ಗೇರನ್ನೂ ಹೀಗೆ ಅಳೆದು ನೋಡಿದರೆ ಹೆದ್ದಾರಿಯಲ್ಲಿ ಎಷ್ಟು ಹಗುರಾಗುತ್ತದೆ ಅಂತ ಕೂತಲ್ಲೇ ತಿಳಿಯುತ್ತದೆ. 6 ವಾಲ್ವಿನ ಇಂಜಿನ್ ಇಟ್ಟುಕೊಂಡೇ ಐದನೇ ಗೇರ್ ಹಾಕುವವರು ಒಂದು ಮಾತು ನೆನಪಿಡಿ. ಆ ಗೇರ್ ಸಮತಟ್ಟು ರಸ್ತೆಗೆ. ಶಿರಾಡಿ, ಚಾರ್ಮಾಡಿ ಹತ್ತುವಾಗ ಅದು ಇದ್ದೂ ಇಲ್ಲದ ಹಾಗೆ.

ಬಿಲ್ ಕೇಳಿ ಪಡೆಯಿರಿ. ಅದರ ಮೇಲೆ "ಇಷ್ಟು ದಿನದೊಳಗೆ ವಾಪಸ್" ಅಂತ ಬರೆಸಿ. ಬಿಲ್ ಕೊಡಲು ಹಿಂದೇಟು ಹಾಕಿದರೆ ಅದು ಎಲ್ಲಿಂದ ಬಂದ ಮಾಲು ಅಂತ ಯೋಚಿಸಬೇಕಾಗುತ್ತದೆ.

ಹಂತ 4: ಹೊಂದಿಸಿ ನೋಡುವುದು

ಇದು ಎಲ್ಲಕ್ಕಿಂತ ಮುಖ್ಯ ಹಂತ, ಎಲ್ಲರೂ ಹಾರಿಸುವುದೂ ಇದನ್ನೇ. ಹಳೆ ಬಾಕ್ಸನ್ನೂ ತಂದ ಬಾಕ್ಸನ್ನೂ ಅಕ್ಕಪಕ್ಕ ಇಟ್ಟು ಒಂದೊಂದೇ ನೋಡಿ.

*ಬೆಲ್ ಹೌಸಿಂಗ್.* ಬಾಕ್ಸ್ ಇಂಜಿನ್ನಿಗೆ ಕೂರುವ ಗಂಟೆಯಾಕಾರದ ಭಾಗ ಇದು. ರಟ್ಟಿನ ಹಾಳೆ ಇಟ್ಟು ಹಳೆಯದರ ಬೋಲ್ಟ್ ತೂತುಗಳ ಅಚ್ಚು ತೆಗೆದು ಹೊಸದರ ಮೇಲೆ ಇಡಿ. ಡೋವೆಲ್ ಪಿನ್‌ಗಳ ಜಾಗವೂ ಸೇರಬೇಕು. ಇಂಜಿನ್, ಬಾಕ್ಸ್ ಎರಡೂ ಒಂದೇ ನೇರಕ್ಕೆ ಕೂರುವಂತೆ ಮಾಡುವ ಚಿಕ್ಕ ಗೂಟಗಳು ಇವು.

*ಕ್ಲಚ್ ಪ್ಲೇಟ್.* ತಂದ ಬಾಕ್ಸಿನ ಇನ್‌ಪುಟ್ ಶಾಫ್ಟಿಗೆ ನಿಮ್ಮ ಕ್ಲಚ್ ಪ್ಲೇಟ್ ಹಾಕಿ ನೋಡಿ. ಸಲೀಸಾಗಿ ಜಾರಬೇಕು, ಅಡ್ಡಕ್ಕೆ ಅಲ್ಲಾಡಬಾರದು. ಹಲ್ಲಿನ ಎಣಿಕೆ ಬೇರೆಯಾದರೆ ಬಾಕ್ಸಿನ ಗಾಡಿಯ ಕ್ಲಚ್ ಪ್ಲೇಟ್ ಬೇಕು. ಅದರ ಅಗಲ ನಿಮ್ಮ ಪ್ರೆಶರ್ ಪ್ಲೇಟಿಗೆ, ಅಂದರೆ ಕ್ಲಚ್ ಪ್ಲೇಟನ್ನು ಅದುಮಿ ಹಿಡಿಯುವ ತಟ್ಟೆಗೆ, ಸರಿಯಾಗದಿದ್ದರೆ ಇಡೀ ಸೆಟ್, ಕೆಲವೊಮ್ಮೆ ಫ್ಲೈವೀಲ್ (ಇಂಜಿನ್ನಿನ ತುದಿಯಲ್ಲಿರುವ ಭಾರದ ಚಕ್ರ) ಕೂಡ ಬದಲಾಗುತ್ತದೆ. ಫ್ಲೈವೀಲ್ ಬದಲಾದರೆ ಅದರ ರಿಂಗಿನ ಹಲ್ಲಿಗೆ ಸ್ಟಾರ್ಟರ್ ಮೋಟರ್ ಹೊಂದುತ್ತದಾ ಅಂತಲೂ ನೋಡಬೇಕು.

*ಮೌಂಟಿಂಗ್.* ಐದನೇ ಗೇರ್ ಸೇರಿದ್ದರಿಂದ ಬಾಕ್ಸಿನ ಹೊರತುದಿಯ ಮುಚ್ಚಳ ಬೇರೆಯಾಗಿರುತ್ತದೆ. ಅದಕ್ಕೂ ಗಾಡಿಯ ಬಾಡಿಗೂ ನಡುವೆ ಎಷ್ಟು ಜಾಗ ಉಳಿಯುತ್ತದೆ ಅಳೆಯಿರಿ. ಬ್ರಾಕೆಟ್ಟನ್ನು ಬಾಕ್ಸಿನ ಜೊತೆಗೇ ತನ್ನಿ. ತೂತು ಹೊಂದಲಿಲ್ಲ ಅಂತ ಬ್ರಾಕೆಟ್ ಕೊರೆದು ಅಗಲ ಮಾಡುವುದು ಬೇಡ. ಇಂಜಿನ್ ಅದುರಿದಂತೆ ಬೋಲ್ಟ್ ಜಾರುತ್ತದೆ, ಆಮೇಲೆ ಆಕ್ಸಲ್ ಸೀಲಿನಿಂದ ಆಯಿಲ್ ಸೋರಲು ಶುರು.

*ಆಕ್ಸಲ್.* ಹೆಚ್ಚು ಜನ ಎಡವುವ ಜಾಗ ಇದು. ಆಲ್ಟೋ 800ಕ್ಕಿಂತ ಅಗಲದ ಗಾಡಿ. ಎರಡು ಮುಂದಿನ ಚಕ್ರಗಳ ನಡುವಿನ ದೂರವೂ ಜಾಸ್ತಿ. ಆದ್ದರಿಂದ ಆಲ್ಟೋದ ಆಕ್ಸಲ್ ಹಾಗೇ 800ಕ್ಕೆ ಸರಿಹೋಗುತ್ತದೆ ಅಂತ ನಂಬಿ ತರಬೇಡಿ. ಮೊದಲು ನಿಮ್ಮ ಆಕ್ಸಲ್ಲಿನ ಒಳತುದಿಯ ಸ್ಪ್ಲೈನ್ ತಂದ ಬಾಕ್ಸಿನ ಡಿಫರೆನ್ಷಿಯಲ್ ಒಳಗೆ ಹೋಗುತ್ತದಾ ನೋಡಿ. ಹೋದರೆ, ಕೊನೆಯ ಸರ್ಕ್ಲಿಪ್, ಅಂದರೆ ಆಕ್ಸಲ್ ಹೊರಬರದಂತೆ ಹಿಡಿಯುವ ಸ್ಪ್ರಿಂಗ್ ಬಳೆ, ಟಕ್ ಅಂತ ಕೂರಬೇಕು. ಸೀಲಿನ ತುಟಿ ಆಕ್ಸಲ್ಲಿನ ನುಣುಪಾದ ಭಾಗದ ಮೇಲೇ ಬರಬೇಕು. ಆಮೇಲೆ ಎರಡೂ ಬಾಕ್ಸಿನಲ್ಲಿ ಬೆಲ್ ಹೌಸಿಂಗಿನ ಮುಖದಿಂದ ಎರಡು ಕಡೆಯ ಸೀಲಿಗೂ ಎಷ್ಟು ದೂರ ಇದೆ ಅಳೆಯಿರಿ. ಅಳತೆ ಒಂದೇ ಆದರೆ ನಿಮ್ಮ ಹಳೆ ಆಕ್ಸಲ್ಲೇ ಸಾಕು.

ಬೇರೆಯಾದರೆ? ಆಕ್ಸಲ್ ಉದ್ದ ಜಾಸ್ತಿಯಾದರೆ ಚಕ್ರ ಗುಂಡಿಗೆ ಬಿದ್ದಾಗ ಅದು ಡಿಫರೆನ್ಷಿಯಲ್ಲನ್ನೇ ಗುದ್ದುತ್ತದೆ. ಕಡಿಮೆಯಾದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಕಳಚಿಕೊಳ್ಳಬಹುದು. ಆಗ 5 ಗೇರಿನ 800ರ ಆಕ್ಸಲ್ಲನ್ನೇ ಹುಡುಕಿ. ಒಳ ಜಾಯಿಂಟ್ ಒಂದರದ್ದು, ಶಾಫ್ಟ್ ಇನ್ನೊಂದರದ್ದು ಸೇರಿಸುವುದಾದರೆ ಸ್ಪ್ಲೈನ್ ತಾನಾಗಿ ಹೊಂದಿದರೆ ಮಾತ್ರ ಮಾಡಿ. ಲೇತ್ ಅಂಗಡಿಯಲ್ಲಿ ಆಕ್ಸಲ್ ಕತ್ತರಿಸಿ ವೆಲ್ಡ್ ಮಾಡಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ಖಂಡಿತ ಬೇಡ. ಅದು ಹೆದ್ದಾರಿಯಲ್ಲಿ ಮುರಿದರೆ ಗಾಡಿ ನಿಮ್ಮ ಹಿಡಿತದಲ್ಲಿ ಇರುವುದಿಲ್ಲ.

*ಲಿಂಕೇಜ್.* ಲಿವರಿನಿಂದ ಎರಡು ರಾಡ್ ಹೋಗುತ್ತವೆ. ಒಂದು ತಿರುಗುತ್ತಾ ಹಿಂದೆ ಮುಂದೆ ಹೋಗಿ ಗೇರ್ ಹಾಕುತ್ತದೆ. ಇನ್ನೊಂದು, ಎಕ್ಸ್‌ಟೆನ್ಶನ್ ರಾಡ್, ಲಿವರಿನ ಬುಡವನ್ನು ಬಾಕ್ಸಿಗೆ ಹಿಡಿದಿಡುತ್ತದೆ. ಲಿವರ್ ಸಮೇತ ಎರಡೂ ರಾಡ್ ಆ ಗಾಡಿಯದ್ದೇ ತನ್ನಿ. ಆಲ್ಟೋದ ರಾಡ್ ಆದರೆ ಉದ್ದ ಅಳೆದು ನೋಡಿ.

*ಚಿಲ್ಲರೆ ಸಾಮಾನು.* ಸ್ಪೀಡೋಮೀಟರ್ ಕೇಬಲ್ ಕೂರುವ ಜಾಗ, ರಿವರ್ಸ್ ದೀಪದ ಸ್ವಿಚ್ಚಿನ ಪ್ಲಗ್, ಕ್ಲಚ್ ಕೇಬಲ್ ಹಿಡಿಯುವ ಬ್ರಾಕೆಟ್, ಅರ್ತ್ ವೈರಿನ ಬೋಲ್ಟ್. ಚಿಕ್ಕವು, ಆದರೆ ಭಾನುವಾರ ಸಂಜೆ ಕೆಲಸ ನಿಲ್ಲಿಸುವುದು ಇವೇ.

ಈ ಯಾವುದೇ ಒಂದು ಹೊಂದದಿದ್ದರೂ ಗಾಡಿ ಬಿಚ್ಚಬೇಡಿ. ಇನ್ನೂ ವಾಪಸ್ ಕೊಡುವ ದಿನ ಮುಗಿದಿಲ್ಲ ಅಲ್ವಾ?

ಕಾಗದ ಪತ್ರದ ವಿಷಯ

"ಆರ್‌ಟಿಓದವರು ಹಿಡಿಯಲ್ವಾ?" ಇದನ್ನೂ ತುಂಬ ಜನ ಕೇಳುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. ಆರ್‌ಸಿಯಲ್ಲಿ ಇಂಜಿನ್ ನಂಬರ್, ಚಾಸಿ ನಂಬರ್ ಇರುತ್ತವೆ, ಗೇರ್ ಬಾಕ್ಸಿಗೆ ಅಲ್ಲಿ ನಂಬರ್ ಇಲ್ಲ. ಆದರೆ ಗುಜರಿಯವರು "ಇಂಜಿನ್ ಸಮೇತ ತಗೊಳ್ಳಿ, ಅಗ್ಗಕ್ಕೆ ಕೊಡ್ತೀವಿ" ಅಂದಾಗ ಹುಷಾರು. ಇಂಜಿನ್ ಬದಲಾದರೆ ನಂಬರ್ ಬದಲಾಗುತ್ತದೆ, ಅದಕ್ಕೆ ಮೊದಲೇ ಅನುಮತಿ ಬೇಕು. ಅನುಮತಿ ಇಲ್ಲದ ಬದಲಾವಣೆಗೆ 2019ರ ತಿದ್ದುಪಡಿಯ ನಂತರ ದಂಡವೂ ಇದೆ, ಜೈಲೂ ಆಗಬಹುದು. 15 ವರ್ಷ ದಾಟಿದ ಗಾಡಿ ಮರುನೋಂದಣಿಗೆ ಹೋದಾಗ ಮೊದಲು ನೋಡುವುದೇ ಆ ನಂಬರ್‌ಗಳನ್ನು. ಬಾಕ್ಸ್ ಬದಲಿಸುತ್ತಿದ್ದೀರಿ ಅಂತ ಸ್ಥಳೀಯ ಆರ್‌ಟಿಓದಲ್ಲಿ ಒಂದು ಮಾತು ಕೇಳಿಕೊಳ್ಳಿ, ವಿಮೆಯವರಿಗೂ ಬರಹದಲ್ಲಿ ತಿಳಿಸಿ.

ಹಂತ 5: ಹಳೆ ಬಾಕ್ಸ್ ಇಳಿಸುವುದು

ಇದು ಮೆಕ್ಯಾನಿಕ್‌ಗೆ ಗೊತ್ತಿರುವ ಕೆಲಸ, ಅದಕ್ಕೆ ಬೇಗ ಮುಗಿಸುತ್ತೇನೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಗಾಡಿ ಎತ್ತಿ ಆಕ್ಸಲ್ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜ್ಯಾಕ್ ಮೇಲೆ, ಇಟ್ಟಿಗೆ ಮೇಲೆ ನಿಲ್ಲಿಸಿ ಕೆಳಗೆ ಮಲಗಬೇಡಿ. ಇದರಲ್ಲಿ ರಾಜಿ ಇಲ್ಲ.

ಆಯಿಲ್ ಇಳಿಸಿ. ಕ್ಲಚ್ ಕೇಬಲ್, ಸ್ಪೀಡೋಮೀಟರ್ ಕೇಬಲ್, ರಿವರ್ಸ್ ಸ್ವಿಚ್, ಅರ್ತ್ ವೈರ್, ಸ್ಟಾರ್ಟರ್, ಲಿಂಕೇಜ್ ಬಿಚ್ಚಿ. ಬಿಚ್ಚುವ ಮೊದಲು ಫೋನಿನಲ್ಲಿ ಫೋಟೋ ತೆಗೆಯಿರಿ. ಬಾಲ್ ಜಾಯಿಂಟ್ ಬಿಡಿಸಿ ಆಕ್ಸಲ್‌ಗಳನ್ನು ಹೊರಗೆ ತೆಗೆಯಿರಿ. ಜಾಯಿಂಟನ್ನು ಹಿಡಿದು ಎಳೆಯಬೇಡಿ, ಒಳಗೇ ಕಳಚಿಕೊಳ್ಳುತ್ತದೆ. ಡಿಫರೆನ್ಷಿಯಲ್ ಹತ್ತಿರ ಕಬ್ಬಿಣದ ಸಲಾಕೆ ಕೊಟ್ಟು ಮೀಟಿ.

ಮೌಂಟಿಂಗ್ ಬಿಚ್ಚುವ ಮುಂಚೆ ಇಂಜಿನ್ನಿಗೆ ಆಸರೆ ಬೇಕು. ಮೇಲಿನಿಂದ ಚೈನ್, ಇಲ್ಲವೇ ಕೆಳಗಿನಿಂದ ಮರದ ಹಲಗೆ ಇಟ್ಟು ಜ್ಯಾಕ್. ಬಾಕ್ಸಿನ ಅಡಿಗೆ ಇನ್ನೊಂದು ಜ್ಯಾಕ್. ಬೋಲ್ಟ್ ಎಲ್ಲ ಬಿಚ್ಚಿದ ಮೇಲೆ ನೇರಕ್ಕೆ ಎಳೆಯಿರಿ. ಇಬ್ಬರು ಇರಲೇಬೇಕು.

ಹಂತ 6: ಬಾಕ್ಸ್ ಕೆಳಗಿರುವಾಗಲೇ ಮುಗಿಸಬೇಕಾದದ್ದು

ಮತ್ತೆ ಇದೇ ಕೆಲಸ ಮಾಡಬಾರದು ಅಂದರೆ ಈಗ ಜಿಪುಣತನ ಬೇಡ. ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಸವೆದಿದ್ದರೆ ಮೂರನ್ನೂ ಒಟ್ಟಿಗೆ ಹಾಕಿ. ಕ್ರ್ಯಾಂಕ್ ಶಾಫ್ಟಿನ ಹಿಂದಿನ ಆಯಿಲ್ ಸೀಲ್, ಬಾಕ್ಸಿನ ಎರಡೂ ಆಕ್ಸಲ್ ಸೀಲ್, ಇನ್‌ಪುಟ್ ಶಾಫ್ಟ್ ಸೀಲ್ ಹೊಸದು. ಲಿಂಕೇಜ್ ಬುಶ್ ಕೂಡ. ಫ್ಲೈವೀಲ್ ಮೇಲೆ ನೀಲಿ ಕಲೆ, ಗೆರೆ ಇದ್ದರೆ ಲೇತ್‌ನಲ್ಲಿ ಸಮ ಮಾಡಿಸಿ.

ಹಂತ 7: ತಂದ ಬಾಕ್ಸ್ ಕೂರಿಸುವುದು

ಕ್ಲಚ್ ಪ್ಲೇಟನ್ನು ಡಮ್ಮಿ ಶಾಫ್ಟ್ (ಇನ್‌ಪುಟ್ ಶಾಫ್ಟಿನಂಥದೇ ದಂಡ) ಹಾಕಿ ಸರಿಯಾಗಿ ನಡುವಿಗೆ ತನ್ನಿ. ಪ್ಲೇಟಿಗೆ ಹಿಂದೆ ಮುಂದೆ ಇದೆ. ತಿರುವಿ ಹಾಕಿದರೆ ಕ್ಲಚ್ ಬಿಡುವುದೇ ಇಲ್ಲ, ಎಲ್ಲ ಮತ್ತೆ ಬಿಚ್ಚಬೇಕು. ಶಾಫ್ಟಿನ ಸ್ಪ್ಲೈನಿಗೆ ಗ್ರೀಸ್ ತೆಳ್ಳಗೆ ಸವರಿ, ಜಾಸ್ತಿಯಾದರೆ ಹಾರಿ ಪ್ಲೇಟಿಗೆ ಅಂಟುತ್ತದೆ.

ಬಾಕ್ಸನ್ನು ನೇರವಾಗಿ ತಳ್ಳಿ. ಕೊನೆಯ ಅರ್ಧ ಇಂಚು ಹೋಗದಿದ್ದರೆ ಬಾಕ್ಸನ್ನು ಗೇರಿನಲ್ಲಿಟ್ಟು ಆಕ್ಸಲ್ ಕಡೆಯಿಂದ ಚೂರು ತಿರುಗಿಸಿ, ಹಲ್ಲು ಹಲ್ಲಿಗೆ ಸೇರುತ್ತದೆ. ಬೋಲ್ಟ್ ಬಿಗಿದು ಎಳೆಯುವ ಕೆಲಸ ಮಾತ್ರ ಬೇಡ, ಬೆಲ್ ಹೌಸಿಂಗಿನ ಕಿವಿ ಒಡೆಯುತ್ತದೆ. ಬಾಕ್ಸಿನ ಭಾರ ಶಾಫ್ಟಿನ ಮೇಲೆ ನೇತಾಡಲೂ ಬಿಡಬೇಡಿ. ಕ್ಲಚ್ ಪ್ಲೇಟ್ ಬಾಗುತ್ತದೆ, ಆಮೇಲೆ ಮೊದಲ ಗೇರಿನಲ್ಲಿ ಗಾಡಿ ನಡುಗುತ್ತಲೇ ಇರುತ್ತದೆ.

ಎಲ್ಲ ಬೋಲ್ಟೂ ಕೈಯಲ್ಲಿ ಹಿಡಿದ ಮೇಲೆ ಬಿಗಿ ಮಾಡಿ. ಮೌಂಟಿಂಗ್ ಕೊನೆಗೆ. ಆಕ್ಸಲ್ ಹಾಕುವಾಗ ಹೊಸ ಸೀಲಿನ ತುಟಿ ಹರಿಯದಂತೆ ನೇರ ತಳ್ಳಿ, ಸರ್ಕ್ಲಿಪ್ ಕೂತಿತಾ ಅಂತ ಚೂರು ಎಳೆದು ನೋಡಿ. ಹಬ್ ನಟ್ ಬಿಚ್ಚಿದ್ದರೆ ಹೊಸದೇ ಹಾಕಿ.

ಹಂತ 8: ಆಯಿಲ್, ಹೊಂದಿಕೆ, ಓಡಿಸಿ ನೋಡುವುದು

ಗೇರ್ ಆಯಿಲ್ ಜಿಎಲ್-4 ದರ್ಜೆಯದ್ದು ಹಾಕಿ. ಡಬ್ಬಿಯ ಮೇಲೆ ಬರೆದಿರುತ್ತದೆ. ಅಂಗಡಿಯಲ್ಲಿ "ಇದು ಇನ್ನೂ ಒಳ್ಳೇದು" ಅಂತ ಜಿಎಲ್-5 ಕೊಡುತ್ತಾರೆ. ಅದರಲ್ಲಿ ಗಂಧಕದ ಅಂಶ ಜಾಸ್ತಿ, ಹಿತ್ತಾಳೆಯ ಸಿಂಕ್ರೋ ರಿಂಗ್‌ಗಳಿಗೆ ಆಗಿಬರುವುದಿಲ್ಲ. ಸಿಂಕ್ರೋ ರಿಂಗ್ ಅಂದರೆ ಗೇರ್ ಬೀಳುವ ಮೊದಲು ಎರಡು ಗೇರ್‌ಗಳ ವೇಗ ಸಮ ಮಾಡುವ ಬಳೆ. ಗಾಡಿ ಸಮತಟ್ಟಾಗಿ ನಿಂತಿರುವಾಗ ಮಟ್ಟದ ಬೋಲ್ಟಿನ ತೂತಿನಿಂದ ತೊಟ್ಟಿಕ್ಕುವ ತನಕ ಹಾಕಿ. ಆಯಿಲ್ ಹಾಕದೆ "ಒಂದ್ಸಲ ಸ್ಟಾರ್ಟ್ ಮಾಡಿ ನೋಡೋಣ" ಅನ್ನುವುದು ಬೇಡ.

ಕ್ಲಚ್ ಪೆಡಲಿನ ಮೇಲ್ಭಾಗದಲ್ಲಿ ಸ್ವಲ್ಪ ಬಿಡಿ ಆಟ ಇರುವಂತೆ ಕೇಬಲ್ ಹೊಂದಿಸಿ. ಮೊದಲು ಇಂಜಿನ್ ಆಫ್ ಇಟ್ಟು ಐದೂ ಗೇರ್, ರಿವರ್ಸ್ ಹಾಕಿ ನೋಡಿ. ಆಮೇಲೆ ಚಕ್ರ ಗಾಳಿಯಲ್ಲಿರುವಾಗಲೇ ಆನ್ ಮಾಡಿ ಮೆಲ್ಲಗೆ ಒಂದೊಂದೇ ಗೇರ್. ಈ ಹೊತ್ತಲ್ಲಿ ಗಾಡಿಯ ಕೆಳಗೆ ಯಾರೂ ಇರಬಾರದು. ಲಿವರ್ ಯಾವುದೋ ಒಂದು ಕಡೆ ಪೂರ್ತಿ ಹೋಗುತ್ತಿಲ್ಲ ಅಂದರೆ ಬಾಕ್ಸನ್ನು ಬೈಯುವ ಮೊದಲು ಲಿಂಕೇಜ್ ಹೊಂದಿಸಿ.

ನೆಲಕ್ಕಿಳಿಸಿ ಖಾಲಿ ಮೈದಾನದಲ್ಲಿ ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತಿ. ಟಕಟಕ ಸದ್ದು ಬಂದರೆ ಆಕ್ಸಲ್ ಜಾಯಿಂಟ್ ನೋಡಿ. ನಂತರ ಒಂದು ರೋಡ್ ಹಂಪಿನ ಮೇಲೆ ಹೋಗಿ. ಗುದ್ದಿದ ಸದ್ದು ಬಂದರೆ ಆಕ್ಸಲ್ ಉದ್ದ ತಪ್ಪಿದೆ. ಅಲ್ಲೇ ನಿಲ್ಲಿಸಿ.

ಸ್ಪೀಡೋಮೀಟರನ್ನು ಫೋನಿನ ಜಿಪಿಎಸ್ ಜೊತೆ ಹೋಲಿಸಿ. ಆಲ್ಟೋಗೆ 145/80 ಟೈರು, ಸುತ್ತಳತೆಯಲ್ಲಿ 800ರ 145/70ಕ್ಕಿಂತ ನೂರಕ್ಕೆ ಐದಾರರಷ್ಟು ದೊಡ್ಡದು. ಅದರ ಸ್ಪೀಡೋ ಗೇರ್ ಹಾಗೇ ಉಳಿದಿದ್ದರೆ ಮುಳ್ಳು ನಿಜವಾದ ವೇಗಕ್ಕಿಂತ ಜಾಸ್ತಿ ತೋರಿಸಬಹುದು. ಎಂಪಿಎಫ್‌ಐ, ಅಂದರೆ ಕಾರ್ಬ್ಯುರೇಟರ್ ಬದಲು ಕಂಪ್ಯೂಟರ್ ಹೇಳಿದಂತೆ ಪೆಟ್ರೋಲ್ ಚಿಮ್ಮಿಸುವ ಗಾಡಿಯವರು ಸ್ಪೀಡೋ ಸಂಪರ್ಕವನ್ನು ಬಿಚ್ಚಿಯೇ ಓಡಿಸಬೇಡಿ.

ಲಿವರಿನ ಗುಂಡಿಯ ಮೇಲೆ ಹೊಸ ಗೇರಿನ ಗುರುತು ಇರಲಿ. ಮನೆಯಲ್ಲಿ ಇನ್ನೊಬ್ಬರು ಓಡಿಸುವವರಿದ್ದರೆ ರಿವರ್ಸ್ ಎಲ್ಲಿದೆ ಅಂತ ನಿಲ್ಲಿಸಿಕೊಂಡು ತೋರಿಸಿ.

ಮೊದಲ ವಾರ ದಿನಾ ಬೆಳಿಗ್ಗೆ ಗಾಡಿಯ ಕೆಳಗೆ ಒಂದು ರಟ್ಟು ಹಾಕಿ ಆಯಿಲ್ ಕಲೆ ನೋಡಿ. 1,000 ಕಿ.ಮೀ. ಆಸುಪಾಸಿನಲ್ಲಿ ಆಯಿಲ್ ಇಳಿಸಿ ಹೊಸದು ಹಾಕಿ, ತಂದ ಬಾಕ್ಸಿನ ಒಳಗಿನ ಕೊಳೆ ಅದರಲ್ಲಿ ಹೋಗುತ್ತದೆ. ಅದೇ ದಿನ ಮೌಂಟಿಂಗ್ ಬೋಲ್ಟ್‌ಗಳನ್ನೂ ಇನ್ನೊಮ್ಮೆ ಬಿಗಿ ನೋಡಿಸಿ. ಕಳಚಿದ 4 ಗೇರಿನ ಬಾಕ್ಸನ್ನು ಅಲ್ಲಿಯ ತನಕ ಗುಜರಿಗೆ ಹಾಕಬೇಡಿ. ಬ್ರಾಕೆಟ್, ಸ್ವಿಚ್, ರಾಡ್ ಯಾವುದಾದರೂ ಬೇಕಾಗುವುದು ಈ ದಿನಗಳಲ್ಲೇ.